ಸಜ್ಜೆ ರೊಟ್ಟಿ ಬಿಡಲಿಲ್ಲ, ಟಿಎಸ್‌ಎಚ್ ಇಳಿಯಿತು

ಈ ಸಲದ ರಿಪೋರ್ಟ್‌ನಲ್ಲಿ ನನ್ನ ಟಿಎಸ್‌ಎಚ್ ಮೂರರ ಹತ್ತಿರ ಇದೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಷ್ಟೂ ರಕ್ತದಲ್ಲಿ ಈ ನಂಬರ್ ಏರುತ್ತದೆ. ಎರಡು ವರ್ಷದ ಹಿಂದೆ ಒಂಬತ್ತೋ ಹತ್ತೋ ಇತ್ತು. ಥೈರಾಕ್ಸಿನ್ ಮಾತ್ರೆ 50 ಮೈಕ್ರೋಗ್ರಾಂನಿಂದ 75, ಅಲ್ಲಿಂದ 100ಕ್ಕೆ ಏರಿದರೂ ಅದು ಜಗ್ಗಿರಲಿಲ್ಲ. ಈಗ ಡಾಕ್ಟರೇ ಮತ್ತೆ 75ಕ್ಕೆ ಇಳಿಸಿದ್ದಾರೆ. "ಉಣ್ಣೋ ಹೊತ್ತು ಬದಲಿಸಿದ್ರ ಥೈರಾಯ್ಡ್ ಕೇಳ್ತದೇನು?" ಅಂದವರಿಗೆಲ್ಲ ಆ ಕಾಗದ ತೋರಿಸಿ ಬಂದಿದ್ದೇನೆ.

ಅದಕ್ಕೂ ಮೊದಲು ಹೋದ ದುಡ್ಡಿನ ಲೆಕ್ಕ ಕೇಳಿ. ಗೋಧಿ ಬಿಡು ಅಂದರು. ಕಲಬುರಗಿಯಲ್ಲಿ ಅದೇನು ಕಷ್ಟವಲ್ಲ, ಜೋಳದ ರೊಟ್ಟಿ ಇದ್ದೇ ಇದೆ. ಕೆಲವು ತಿಂಗಳು ಬಿಟ್ಟೆ, ನಂಬರ್ ಅಲುಗಲಿಲ್ಲ. ಥೈರಾಯ್ಡ್ ಪುಡಿ ಅಂತ ಒಂದು ಡಬ್ಬಿ ತರಿಸಿದೆ, ಸಾವಿರದ ಇನ್ನೂರೋ ಮುನ್ನೂರೋ. ಅಂಥವು ನಾಲ್ಕೈದು ಖಾಲಿಯಾದವು. ಆಮೇಲೆ ಸಮುದ್ರ ಪಾಚಿಯ ಮಾತ್ರೆ. ಅದನ್ನು ನೋಡಿದ ಕೂಡಲೇ ಡಾಕ್ಟರ್ ನಿಲ್ಲಿಸಿದರು. ಅಯೋಡಿನ್ ಅತಿಯಾದರೂ ಗ್ರಂಥಿಯ ಕೆಲಸ ಕುಂದುತ್ತದೆ. ಎಲ್ಲ ಸೇರಿ ಹತ್ತು ಸಾವಿರ ದಾಟಿರಬೇಕು. ಅಷ್ಟರಲ್ಲಿ ನನ್ನ ಥೈರಾಕ್ಸಿನ್ ಮಾತ್ರೆ ಎಷ್ಟೋ ವರ್ಷಕ್ಕೆ ಬರುತ್ತಿತ್ತು.

ನಾನು ಬದಲಿಸಿದ್ದು ಬೆಳಗಿನ ಹೊತ್ತು. ಮೊದಲು ಮಾತ್ರೆ ನುಂಗಿ ಹತ್ತೇ ನಿಮಿಷಕ್ಕೆ ಗಟ್ಟಿ ಹಾಲಿನ ಚಹಾ, ನಾಷ್ಟಾ ಜೊತೆ ಕ್ಯಾಲ್ಸಿಯಂ ಗುಳಿಗೆ. ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಹಾಲು, ಕ್ಯಾಲ್ಸಿಯಂ, ಕಬ್ಬಿಣ ಇವೆಲ್ಲ ಥೈರಾಕ್ಸಿನ್ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಈಗ ಐದಕ್ಕೆ ಬರೀ ನೀರಿನಲ್ಲಿ ಮಾತ್ರೆ, ಆರು ದಾಟಿದ ಮೇಲೆ ಚಹಾ. ಕ್ಯಾಲ್ಸಿಯಂ ಮಧ್ಯಾಹ್ನ, ಕಬ್ಬಿಣದ ಗುಳಿಗೆ ರಾತ್ರಿ. ಮಾತ್ರೆಗೂ ಈ ಎರಡು ಗುಳಿಗೆಗಳಿಗೂ ನಾಲ್ಕು ತಾಸು ಅಂತರ ಇರಲೇಬೇಕು. "ಚಾ ಇಲ್ದ ಒಲಿ ಮುಂದ ಹ್ಯಾಂಗ ನಿಂದರ್ತೀವಾ?" ಅಂತ ಅತ್ತೆಯವರಿಗೆ ನಂಬಿಕೆಯೇ ಇರಲಿಲ್ಲ. ಆ ಒಂದು ತಾಸು ದಾಟಿಸಲು ನನ್ನದೊಂದು ಉಪಾಯ ಇದೆ. ತಂಗಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಕೂಡಲೇ ಟೆಸ್ಟ್ ಮಾಡಿಸಬೇಡಿ. ಮಾತ್ರೆಯ ಹೊತ್ತು ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆಯದಿದ್ದರೆ ಟಿಎಸ್‌ಎಚ್ ನಿಜ ಹೇಳುವುದಿಲ್ಲ. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ತಿನ್ನುವವರು ಟೆಸ್ಟ್‌ಗೆ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ.

ಸಜ್ಜೆ ವಿಷಯದಲ್ಲಿ ಜಗಳವೇ ಆಯಿತು. ಥೈರಾಯ್ಡ್ ಇದ್ದವರು ಮುಟ್ಟಲೇಬಾರದು ಅಂತ ಒಬ್ಬರ ಹಟ. ಅವರ ಮಾತಿಗೆ ಬುಡ ಇಲ್ಲದಿಲ್ಲ. ಸುಡಾನಿನ ಡಾರ್ಫುರ್ ಕಡೆ ಸಜ್ಜೆಯೇ ನಿತ್ಯದ ಊಟ, ಅಯೋಡಿನ್ನೂ ಕಡಿಮೆ. ಅಲ್ಲಿ ಥೈರಾಯ್ಡ್ ಗ್ರಂಥಿ ಊದುವ ಗಳಗಂಡ ಜಾಸ್ತಿ ಕಂಡಿತ್ತು. ನಮ್ಮಲ್ಲಿ ಹಾಗೆ ಮೂರು ಹೊತ್ತೂ ಸಜ್ಜೆ ತಿನ್ನುವವರು ಯಾರಿದ್ದಾರೆ? ಚಳಿಗಾಲದಲ್ಲಿ ವಾರಕ್ಕೊಂದೆರಡು ಸಲ, ಎಳ್ಳಮಾವಾಸ್ಯೆಗೆ ಭಜ್ಜಿ ಜೊತೆ ಕಡುಬು. ಜೋಳ ಬೆರೆಸಿಯೇ ಗಿರಣಿಗೆ ಕೊಡುತ್ತೇನೆ. ರೊಟ್ಟಿ ಹರಿಯದ ಹಾಗೆ ಬೆರೆಸುವ ಅಳತೆ ನನ್ನ ಹತ್ತಿರವೇ ಇರಲಿ. ಎಲೆಕೋಸಿನ ಮೇಲೂ ಇದೇ ದೂರು ಇದೆ. ಅದನ್ನು ಹಸಿಯಾಗಿ ತಿನ್ನುವುದಿಲ್ಲ, ಬೇಯಿಸಿ ಪಲ್ಯ ಮಾಡುತ್ತೇನೆ, ಅಷ್ಟೇ.

ಇದರ ನಡುವೆ ಉಪ್ಪಿನ ಹುಚ್ಚು ಹಿಡಿಯಿತು. ಆಲೂಗಡ್ಡೆ ಹೋಳಿಗೆ ಉಪ್ಪು ಸವರಿ, ಒಂದು ನಿಮಿಷ ಬಿಟ್ಟು, ಎರಡು ಹನಿ ನಿಂಬೆರಸ ಹಾಕಿ. ಅಯೋಡಿನ್ ಇದ್ದರೆ ನೀಲಿ ಬರುತ್ತದೆ. ಓಣಿಯ ಏಳೆಂಟು ಮನೆಯ ಉಪ್ಪು ತಂದು ನೋಡಿದೆ. ಪಾಕೀಟಿನ ಪುಡಿ ಉಪ್ಪೆಲ್ಲ ನೀಲಿ. ಕಿಲೋಗೆ ನೂರು ರೂಪಾಯಿ ಹತ್ತಿರದ ಸೈಂಧವ ಲವಣ ಬಿಳಿಯಾಗೇ ಉಳಿಯಿತು. ಒಳ್ಳೆಯದಂತ ಅದನ್ನೇ ವರ್ಷಗಟ್ಟಲೆ ತಿನ್ನುವ ಮನೆಗಳಿವೆ, ಅವರದೇ ನನಗೆ ಚಿಂತೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಅಷ್ಟನ್ನೂ ಬೇರೆ ಎಲ್ಲಿಂದ ತರುತ್ತಾರೆ? ನಾನು ಉಪ್ಪಿನ ಡಬ್ಬಿಯನ್ನು ಒಲೆಯಿಂದ ದೂರ, ಮುಚ್ಚಿ ಇಡುತ್ತೇನೆ. ಬೇಳೆ ಇಳಿಸುವ ಹೊತ್ತಿಗೆ ಉಪ್ಪು ಹಾಕುತ್ತೇನೆ, ಕುದಿಯುತ್ತಾ ಹೋದರೆ ಅಯೋಡಿನ್ ಕಡಿಮೆಯಾಗುತ್ತದೆ.

ಬೀದರಿನ ನಾದಿನಿಗೆ ಮುಂಜಾನೆ ಚಹಾ ಬಿಡಲು ಆಗಲೇ ಇಲ್ಲ. ಅವಳ ಡಾಕ್ಟರನ್ನು ಕೇಳಿ ಮಾತ್ರೆಯನ್ನು ರಾತ್ರಿಗೆ ಹಾಕಿಸಿದ್ದೇನೆ, ಊಟವಾಗಿ ಮೂರು ತಾಸಿನ ಮೇಲೆ. ಕಬ್ಬಿಣದ ಗುಳಿಗೆ ಮಧ್ಯಾಹ್ನಕ್ಕೆ ಬಂತು. ಅವಳ ರಿಪೋರ್ಟ್ ದಸರಾ ಆದ ಮೇಲೆ ಬರುತ್ತದೆ.