ಇಸ್ತಾಂಬುಲ್‌ನ ಗುಮ್ಮಟಗಳಿಗೆ ಮುಂಬಯಿಯಲ್ಲೇ ಕೈ ಪಳಗಿಸಿಕೊಳ್ಳಿ

ಇಸ್ತಾಂಬುಲ್‌ಗೆ ಹೋಗಿ ಬಂದವರ ಫೋಟೊಗಳಲ್ಲಿ ಮೂರು ದೋಷಗಳು ಪದೇ ಪದೇ ಕಾಣುತ್ತವೆ: ಹಿಂದಕ್ಕೆ ವಾಲಿದ ಮಿನಾರುಗಳು, ಬೆಳ್ಳಗೆ ಸುಟ್ಟುಹೋದ ಕಿಟಕಿಗಳು, ಅಲುಗಾಡಿದ ಒಳಾಂಗಣಗಳು. ಅಲ್ಲಿನ ಮಸೀದಿ, ಮ್ಯೂಸಿಯಂಗಳೊಳಗೆ ಟ್ರೈಪಾಡ್ ಬಿಡುವುದಿಲ್ಲ, ಜನಜಂಗುಳಿಯಲ್ಲಿ ನಿಧಾನವಾಗಿ ಕಲಿಯುವುದಕ್ಕೂ ಆಗುವುದಿಲ್ಲ. ಅದಕ್ಕೇ ಈ ಮೂರನ್ನೂ ಮುಂಬಯಿಯಲ್ಲಿ, ಎರಡು ಮೂರು ಭಾನುವಾರಗಳಲ್ಲಿ ತಿದ್ದಿಕೊಂಡು ಹೊರಡುವುದು ಒಳ್ಳೆಯದು.

ಮೊದಲ ಪಾಠಕ್ಕೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣ ಸಾಕು. ಡೊಂಬಿವಲಿ, ಘಾಟ್ಕೋಪರ್ ಕಡೆಯವರು ಇಂದಿಗೂ ವಿಟಿ ಎನ್ನುವ, 1887ರಲ್ಲಿ ಪೂರ್ಣಗೊಂಡ ಅದೇ ಕಟ್ಟಡ. ಅದರ ಮುಖ ಪಶ್ಚಿಮಕ್ಕಿರುವುದರಿಂದ ಸಂಜೆ ನಾಲ್ಕರ ನಂತರ ಕಲ್ಲಿನ ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ. ಎದುರಿನ ಮಹಾನಗರಪಾಲಿಕೆ ಕಟ್ಟಡದ ಬದಿಯ ಫುಟ್‌ಪಾತ್‌ನಲ್ಲಿ ನಿಂತು, ಪರದೆಯ ಮೇಲೆ ಗ್ರಿಡ್ ಗೆರೆಗಳನ್ನು ಹಾಕಿಕೊಳ್ಳಿ. ಗುಮ್ಮಟ ಫ್ರೇಮಿನೊಳಗೆ ಬರಲೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದಿರೋ, ಗೋಡೆಗಳು ಒಳಕ್ಕೆ ಬಾಗುತ್ತವೆ. ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿದು ಹಿಂದೆ ಸರಿಯಿರಿ. ಕೆಳಗೆ ರಸ್ತೆ ಹೆಚ್ಚಾಗಿ ಬಂದರೆ ಬರಲಿ, ಆಮೇಲೆ ಕತ್ತರಿಸಿದರಾಯಿತು. ಸರಿಯಲು ಜಾಗವೇ ಇಲ್ಲದಿದ್ದರೆ ಎತ್ತಿಯೇ ತೆಗೆಯಿರಿ, ಆದರೆ ಎರಡೂ ಬದಿಗೆ ಧಾರಾಳವಾಗಿ ಖಾಲಿ ಬಿಡಿ. ವಾಲಿದ್ದನ್ನು ಆ್ಯಪ್‌ನಲ್ಲಿ ನೇರ ಮಾಡುವಾಗ ಅಂಚುಗಳು ಕತ್ತರಿಸಿಹೋಗುತ್ತವೆ. ಮೊಬೈಲಿನ 0.5 ಎಂಬ ಅತಿ ಅಗಲದ ಲೆನ್ಸ್‌ನಲ್ಲಿ ಮೂಲೆಗಳು ಎಳೆದಂತಾಗುವುದರಿಂದ ಮಿನಾರನ್ನು ಮೂಲೆಗೆ ತಳ್ಳಬೇಡಿ.

ಈ ಅಭ್ಯಾಸ ಫಲ ಕೊಡುವುದು ಇಸ್ತಾಂಬುಲ್‌ನ ಹಳೆಯ ಊರಿನ ಸುಲ್ತಾನ್‌ಅಹ್ಮೆತ್ ಉದ್ಯಾನದಲ್ಲಿ. ನಡುವಿನ ಕಾರಂಜಿಯ ಬಳಿ ನಿಂತರೆ ಒಂದು ಬದಿಗೆ ಆರು ಮಿನಾರುಗಳ ನೀಲಿ ಮಸೀದಿ, ಇನ್ನೊಂದು ಬದಿಗೆ ಚರ್ಚಾಗಿ ಕಟ್ಟಿ ಈಗ ಮಸೀದಿಯಾಗಿರುವ ಹಾಗಿಯಾ ಸೋಫಿಯಾ. ಬೆಳಗಿನ ಬೆಳಕು ನೀಲಿ ಮಸೀದಿಯ ಈ ಕಡೆಯ ಮುಖಕ್ಕೆ ಬೀಳುತ್ತದೆ, ಮಧ್ಯಾಹ್ನದ ನಂತರದ್ದು ಹಾಗಿಯಾ ಸೋಫಿಯಾಗೆ. ಒಂದೇ ಹೊತ್ತಿಗೆ ಎರಡನ್ನೂ ಮುಗಿಸಲು ಹೋದರೆ ಒಂದು ಕಪ್ಪಿಡುವುದು ಖಂಡಿತ.

ಬೆಳಕಿನ ಲೆಕ್ಕವೂ ಇಲ್ಲಿನದಲ್ಲ. ಮುಂಬಯಿ 19 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಇಸ್ತಾಂಬುಲ್ 41ರಲ್ಲಿದೆ. ಡಿಸೆಂಬರ್ ಕೊನೆಯ ನಡುಹಗಲಲ್ಲೂ ಅಲ್ಲಿ ಸೂರ್ಯ ಏರುವುದು ಸುಮಾರು 26 ಡಿಗ್ರಿ ಮಾತ್ರ, ಇಲ್ಲಿ ಅದೇ ದಿನ 47ಕ್ಕೂ ಮೇಲೆ. ಹಾಗಾಗಿ ಚಳಿಗಾಲದಲ್ಲಿ ಮಧ್ಯಾಹ್ನವೂ ಓರೆ ಬೆಳಕು ಸಿಗುತ್ತದೆ, ಓಣಿಗಳು ಮಾತ್ರ ದಿನವಿಡೀ ನೆರಳಲ್ಲೇ ಇರುತ್ತವೆ. ಸೂರ್ಯಾಸ್ತ ಡಿಸೆಂಬರ್‌ನಲ್ಲಿ ಸಂಜೆ 5.40ರ ಸುಮಾರಿಗೆ, ಜೂನ್‌ನಲ್ಲಿ ರಾತ್ರಿ 8.40ರ ಸುಮಾರಿಗೆ. ಮುಳುಗಿದ ನಂತರದ ನೀಲಿ ಬೆಳಕು ನಮ್ಮಲ್ಲಿಗಿಂತ ಹೆಚ್ಚು ಹೊತ್ತು, ಅರ್ಧ ಗಂಟೆಯಷ್ಟು, ನಿಲ್ಲುತ್ತದೆ. ವಿಮಾನ ಇಳಿದ ಕೂಡಲೇ ಕ್ಯಾಮೆರಾದ ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿ.

ಒಳಾಂಗಣವೇ ನಿಜವಾದ ಪರೀಕ್ಷೆ. ಅದಕ್ಕೆ ಎಲಿಫೆಂಟಾದ ಮುಖ್ಯ ಗುಹೆಗಿಂತ ಒಳ್ಳೆಯ ತಾಲೀಮಿನ ಜಾಗ ಈ ಊರಲ್ಲಿ ಇನ್ನೊಂದಿಲ್ಲ. ಗೇಟ್‌ವೇಯಿಂದ ಲಾಂಚ್ ಹತ್ತಿದರೆ ಒಂದು ಗಂಟೆಯ ದಾರಿ, ಸೋಮವಾರ ರಜೆ. ಕಂಬಗಳ ಸಾಲು, ಬದಿಯಿಂದ ಮಾತ್ರ ಬರುವ ಬೆಳಕು, ಹಿಂದೆ ಕತ್ತಲು. 24 ಎಂಎಂ ಲೆನ್ಸ್, ಎಫ್ 4 (ಲೆನ್ಸಿನ ದ್ವಾರದ ಅಳತೆ), ಶಟರ್ 1/50 ಸೆಕೆಂಡು, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600ರಿಂದ ಶುರು ಮಾಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಒಟ್ಟಿಗೆ ಮೂರು ನಾಲ್ಕು ಫ್ರೇಮ್ ಹೊಡೆಯಿರಿ. ಒಂದಾದರೂ ಚೂಪಾಗಿ ಬರುತ್ತದೆ. ಮೊಬೈಲಾದರೆ ಕತ್ತಲಲ್ಲಿ 1 ಲೆನ್ಸನ್ನೇ ಬಳಸಿ. ಬಹುತೇಕ ಫೋನ್‌ಗಳಲ್ಲಿ 0.5ರ ಸೆನ್ಸರ್ ಚಿಕ್ಕದಾದ್ದರಿಂದ ಕಾಳುಕಾಳಾಗುತ್ತದೆ.

ನೀಲಿ ಮಸೀದಿಯಲ್ಲಿ ಇದಕ್ಕೆ ಇನ್ನೆರಡು ತೊಡಕು ಸೇರುತ್ತವೆ. ಮೊದಲನೆಯದು ಬೆಳಕು: ಕಿಟಕಿಗಳು 200ಕ್ಕೂ ಹೆಚ್ಚು, ಗೋಡೆಗಳ ಇಜ್ನಿಕ್ ಹೆಂಚುಗಳು (ಇಜ್ನಿಕ್ ಊರಿನ ಬಣ್ಣದ ಮೆರುಗುಬಿಲ್ಲೆಗಳು) 20,000ಕ್ಕೂ ಹೆಚ್ಚು. ಕಿಟಕಿ ಸುಡದಂತೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ, ಫೈಲನ್ನು ರಾ ರೂಪದಲ್ಲಿ (ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ) ಉಳಿಸಿಕೊಳ್ಳಿ. ಹೆಂಚಿನ ನೀಲಿಯನ್ನು ಆಮೇಲೆ ನೆರಳಿನಿಂದ ಮೇಲೆತ್ತಬಹುದು, ಸುಟ್ಟ ಕಿಟಕಿಗೆ ಉಪಾಯವಿಲ್ಲ. ಎರಡನೆಯದು ಬಣ್ಣ: ದೀಪಗುಚ್ಛಗಳದ್ದು ಹಳದಿ, ಕಿಟಕಿಯದ್ದು ತಣ್ಣನೆಯ ಬಿಳಿ. ಬಣ್ಣದ ಸಮತೋಲ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಪ್ರತಿ ಫ್ರೇಮೂ ಬೇರೆ ಬಣ್ಣಕ್ಕೆ ತಿರುಗುತ್ತದೆ, 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಫ್ಲ್ಯಾಶ್ ಬೇಡವೇ ಬೇಡ. 43 ಮೀಟರ್ ಎತ್ತರದ ಗುಮ್ಮಟಕ್ಕೆ ಅದು ಮುಟ್ಟುವುದಿಲ್ಲ, ಪ್ರಾರ್ಥಿಸುವವರ ಕಣ್ಣಿಗೆ ಹೊಡೆಯುತ್ತದೆ. ದೀಪಗಳ ತಂತಿಗಳು ಗುಮ್ಮಟಕ್ಕೆ ಅಡ್ಡ ಬರುತ್ತವೆ. ಅವನ್ನು ತಪ್ಪಿಸಲು ಒದ್ದಾಡುವ ಬದಲು ದೀಪದ ವೃತ್ತವನ್ನೇ ಫ್ರೇಮಿನ ನಡುವೆ ಕೂರಿಸಿ.

537ರಲ್ಲಿ ಮುಗಿದ ಹಾಗಿಯಾ ಸೋಫಿಯಾದ ಗುಮ್ಮಟ ಸುಮಾರು 31 ಮೀಟರ್ ಅಗಲ, ಬುಡದಲ್ಲಿ 40 ಕಿಟಕಿಗಳು. 2024ರಿಂದ ವಿದೇಶಿ ಪ್ರವಾಸಿಗಳನ್ನು ಟಿಕೆಟ್ ಮೇಲೆ ಮಹಡಿಯ ಗ್ಯಾಲರಿಗೆ ಮಾತ್ರ ಬಿಡುತ್ತಾರೆ. ಗುಮ್ಮಟದ ನೇರ ಕೆಳಗೆ ನಿಂತು ತೆಗೆದ ಹಳೆಯ ಫೋಟೊಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ದುರಸ್ತಿಯ ಅಟ್ಟಣಿಗೆಯೂ ಅಡ್ಡ ನಿಂತಿರಬಹುದು. ಗ್ಯಾಲರಿಯಲ್ಲಿ 50ರಿಂದ 85 ಎಂಎಂ ಹೆಚ್ಚು ಕೆಲಸಕ್ಕೆ ಬರುತ್ತದೆ. ಡೀಸಿಸ್ ಮೊಸಾಯಿಕ್‌ಗೆ ಸಮಯ ಮೀಸಲಿಡಿ. ನಡುವೆ ಕ್ರಿಸ್ತ, ಅಕ್ಕಪಕ್ಕ ಮೇರಿ ಮತ್ತು ಸ್ನಾನಿಕ ಯೋಹಾನ, ಕೆಳಭಾಗ ಬಹುಪಾಲು ಉದುರಿಹೋಗಿದೆ. ಚಿನ್ನದ ಹರಳುಗಳು ಒಂದೇ ಸಮತಲದಲ್ಲಿಲ್ಲ, ಒಂದೊಂದೂ ತುಸು ಬೇರೆ ಓರೆಯಲ್ಲಿ ಕೂತಿವೆ. ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಹೊಳೆಯುವ ಹರಳುಗಳೇ ಬದಲಾಗುತ್ತವೆ. ನೇರ ಎದುರು ನಿಂತು ಮಂಕಾಗಿ ಕಂಡರೆ ಸರಿಯುತ್ತಾ ನೋಡಿ, ಮುಖ ಸ್ಪಷ್ಟವಿದ್ದು ಹಿನ್ನೆಲೆ ಮಿನುಗುವ ಜಾಗ ಸಿಕ್ಕಾಗ ಕ್ಲಿಕ್ಕಿಸಿ.

ಯೆರೆಬಾತಾನ್ ಎಂಬ ನೆಲದಡಿಯ ನೀರಿನ ಕೊಳದಲ್ಲಿ 336 ಕಂಬಗಳಿವೆ, ಒಂದೊಂದೂ ಸುಮಾರು 9 ಮೀಟರ್ ಎತ್ತರ. ದೀಪಗಳ ಬಣ್ಣ ಬದಲಾಗುತ್ತಿರುತ್ತದೆ, ಒಂದು ಸುತ್ತು ಸುಮ್ಮನೆ ನೋಡಿ ಆಮೇಲೆ ತೆಗೆಯಿರಿ. ದೀಪಗಳು ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಕಂಡರೆ ಶಟರನ್ನು 1/50 ಅಥವಾ 1/100ಕ್ಕೆ ತನ್ನಿ. ಅಲ್ಲಿನ ವಿದ್ಯುತ್ತೂ ನಮ್ಮದರಂತೆ 50 ಹರ್ಟ್ಸ್‌ನದೇ.

ಸಂಜೆಗೆ ಊರಿನ ಏಷ್ಯಾ ಬದಿಯ ಉಸ್ಕುದಾರ್‌ನ ಸಲಾಜಾಕ್ ದಂಡೆ. ನೀರಿನ ನಡುವೆ ಕಿಜ್ ಕುಲೆಸಿ ಗೋಪುರ, ಅದರಾಚೆ ಹಳೆಯ ಊರಿನ ಹಿಂದೆ ಮುಳುಗುವ ಸೂರ್ಯ. ಹಾಜಿ ಅಲಿ ದರ್ಗಾವನ್ನು ದಂಡೆಯಿಂದ ತೆಗೆದು ಅಭ್ಯಾಸವಿದ್ದವರಿಗೆ ಇದು ಸಲೀಸು: ಆಕಾಶದ ಬೆಳಕಿಗೆ ಎಕ್ಸ್‌ಪೋಶರ್ ಹೊಂದಿಸಿ, ಕಟ್ಟಡ ಕಪ್ಪಾಗಲು ಬಿಡಿ. ಹಳೆಯ ಊರಿನ ಎಮಿನೊನು ಕಡೆಯಿಂದ ಫೆರ್ರಿಯಲ್ಲಿ ಬರುವಾಗ ಶಟರ್ 1/500ಕ್ಕಿಂತ ಕೆಳಗಿಳಿಸಬೇಡಿ. ಕಟಕಟೆಗೆ ಒರಗಿದರೆ ಎಂಜಿನ್ನಿನ ನಡುಕ ಕ್ಯಾಮೆರಾಗೂ ಇಳಿಯುತ್ತದೆ. ಎಲಿಫೆಂಟಾ ಲಾಂಚಿನಲ್ಲಿ ಎರಡೂ ರೀತಿ ತೆಗೆದು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಶುಕ್ರವಾರ ನಡುಹಗಲಿನ ನಮಾಜಿನ ಹೊತ್ತಿಗೆ ಮಸೀದಿಗಳನ್ನು ಪಟ್ಟಿಯಲ್ಲಿಡಬೇಡಿ. ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ, ಪವಿತ್ರ ವಸ್ತುಗಳ ಕೋಣೆಗಳಲ್ಲಿ ಫೋಟೊ ನಿಷಿದ್ಧ. ಹೆಂಗಸರು ತಲೆಗೆ ಸ್ಕಾರ್ಫ್, ಎಲ್ಲರೂ ಸುಲಭವಾಗಿ ಕಳಚುವ ಶೂ ಇಟ್ಟುಕೊಳ್ಳಿ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.