ಧಾರಾವಾಹಿ ಹೊತ್ತಲ್ಲಿ ಮಗುವಿಗೆ ಕತೆ ಓದೋದು ಹೇಗೆ?

ನಮ್ಮನೇಲಿ ಮಗಳಿಗೆ ನಾಲ್ಕು ವರ್ಷ, ಅತ್ತೆಯವರಿಗೆ ಸಂಜೆಯಾದರೆ ಧಾರಾವಾಹಿ. ಹಿರಿಯರ ಕೈಯಿಂದ ರಿಮೋಟ್ ಕಿತ್ಕೊಳ್ಳೋಕೆ ಹೋಗ್ಬೇಡಿ, ಜಗಳ ಗ್ಯಾರಂಟಿ. ಮಗುವನ್ನು ಒಳಗಿನ ಕೋಣೆಗೆ ಕರ್ಕೊಂಡು ಹೋಗಿ ಬಾಗಿಲು ಮುಂದೆ ಮಾಡಿ.

ಕಾರ್ಟೂನನ್ನು ನಡುವೆ ಆರಿಸಿದರೆ ರಂಪ. ಆ ಕಂತು ಮುಗಿಯಲಿ, ಊಟ ಆಗಲಿ, ಆಮೇಲೆ ಪುಸ್ತಕ. "ಓದೋಣ್ವಾ?" ಅಂದರೆ "ಬೇಡ" ಅಂತಲೇ ಉತ್ತರ. ಎರಡು ಪುಸ್ತಕ ಮುಂದಿಟ್ಟು "ಯಾವುದು ಬೇಕು ಪುಟ್ಟಿ?" ಅನ್ನಿ.

ಓದುವಾಗ ಅವಸರ ಬೇಡ. ಮಗು ಚಿತ್ರದ ಮೂಲೆಯಲ್ಲಿರೋ ಇರುವೆಯನ್ನೇ ನೋಡ್ತಾ ಕೂತರೆ ನೀವೂ ಇರುವೆ ನೋಡಿ. "ಇದು ಎಲ್ಲಿಗೆ ಹೊರಟಿದೆ?" ಅಂದೆ ಒಮ್ಮೆ. "ಅವರಜ್ಜಿ ಮನೆಗೆ, ಬೆಲ್ಲ ತಿನ್ನೋಕೆ" ಅಂದಳು. ಮುದ್ರಿಸಿದ್ದ ಕತೆ ಅಲ್ಲೇ ಉಳೀತು, ನಾವು ಇರುವೆ ಹಿಂದೆ ಹೋದ್ವಿ. ಟಿವಿ ಹೀಗೆ ಕಾಯೋದಿಲ್ಲ. ಅದೇ ಪುಸ್ತಕ ಮತ್ತೆ ಮತ್ತೆ ಕೇಳಿದರೆ ಬೇಜಾರಾದರೂ ಓದಿ. ಸಾಲಿನ ಕೊನೇ ಪದ ನುಂಗಿ ಸುಮ್ಮನಾಗಿ, ಅವರೇ ಕೂಗಿ ಹೇಳ್ತಾರೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಉಚಿತ. ಪ್ರಿಂಟ್ ತೆಗೆಸಿ. ಫೋನಲ್ಲಿ ತೋರಿಸಿದರೆ ಪುಟ್ಟ ಬೆರಳು ಸೀದಾ ಯೂಟ್ಯೂಬ್‌ಗೇ ಹೋಗುತ್ತೆ.

ಟಿವಿ ಪೂರ್ತಿ ನಿಲ್ಲಿಸಬೇಕಾ? ನಾನಂತೂ ನಿಲ್ಲಿಸಿಲ್ಲ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುವಾಗ ಅದರಲ್ಲಿ ಅರ್ಧ ಗಂಟೆ ನನಗೇ ಬೇಕು.