ಎ ಪ್ಲಸ್ ಬಂದವರೆಲ್ಲ ಗಿಫ್ಟೆಡ್ಡಾ? ಕ್ಲಾಸಲ್ಲಿ ನಾನು ಏನು ನೋಡ್ತೀನಿ

ಪೇರೆಂಟ್ಸ್ ಮೀಟಿಂಗ್ ಅಂದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ನಮ್ ಹುಡ್ಗ ಎಲ್ಲದ್ರಲ್ಲೂ ಎ ಪ್ಲಸ್, ಗಿಫ್ಟೆಡ್ ಇರ್ಬೋದಾ ಮೇಡಂ?" ಇರ್ಬೋದು, ಇಲ್ದೇನೂ ಇರ್ಬೋದು, ಎ ಪ್ಲಸ್ ನೋಡಿ ಹೇಳೋಕಾಗಲ್ಲ. ನಾನು ಪಾವಗಡ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಆರರಿಂದ ಎಂಟನೇ ಕ್ಲಾಸಿಗೆ ಗಣಿತ, ವಿಜ್ಞಾನ ತಗೊಳ್ತೀನಿ. ಸೈಕಾಲಜಿಸ್ಟ್ ಏನಲ್ಲ, ಬೋರ್ಡ್ ಮುಂದೆ ನಿಂತು ಕಂಡುಕೊಂಡಿದ್ದನ್ನ ಬರೀತಿದೀನಿ ಅಷ್ಟೆ.

ಒಂದ್ಕಡೆ ಬ್ರೈಟ್ (ಚುರುಕು), ಇನ್ನೊಂದ್ಕಡೆ ಗಿಫ್ಟೆಡ್ (ಪ್ರತಿಭಾವಂತ) ಅಂತ ಎರಡು ಕಾಲಂ ಇರೋ ಪಟ್ಟಿ ವಾಟ್ಸಾಪಲ್ಲಿ ನೀವೂ ನೋಡಿರ್ತೀರಿ. 1989ರಲ್ಲಿ ಅಮೆರಿಕದ ಜಾನಿಸ್ ಸಾಬೋಸ್ ಅನ್ನೋರು ಮಾಡಿದ ಪಟ್ಟಿ ಅದರ ಮೂಲ. ಚುರುಕು ಮಗು ಉತ್ತರ ಹೇಳುತ್ತೆ, ಪ್ರತಿಭಾವಂತ ಮಗು ಪ್ರಶ್ನೆ ಕೇಳುತ್ತೆ, ಹೀಗೆ ಹೋಗುತ್ತೆ. ಓದೋಕೆ ಚೆನ್ನಾಗಿದೆ, ಆದ್ರೆ ಕ್ಲಾಸಿಗೆ ತಂದ್ರೆ ಒಂದೇ ಮಗು ಎರಡೂ ಕಾಲಂಗೆ ಸೇರುತ್ತೆ, ಅದೂ ಅಲ್ದೆ ಪ್ರಶ್ನೆ ಕೇಳೋದಕ್ಕೆ ಬುದ್ಧಿಗಿಂತ ಧೈರ್ಯ ಜಾಸ್ತಿ ಬೇಕು. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ತಪ್ಪು ಮಾತಾಡಿದ್ರೆ ನಗ್ತಾರೆ ಅಂತ ಬಾಯೇ ಬಿಡಲ್ಲ, ಆ ಮಗು ಯಾವ ಕಾಲಂಗೆ?

ಹಾಗಾಗಿ ನಾನು ನೋಡೋದು ಬೇರೆ. ಉತ್ತರ ಸಿಕ್ಕಿದ ಮೇಲೆ ಮಗು ಏನ್ಮಾಡುತ್ತೆ ಅಂತ ನೋಡ್ತೀನಿ. ಅದಕ್ಕೆ ಪುಸ್ತಕದಲ್ಲಿ ಇಲ್ದಿರೋ, ಬೇಗ ಮುಗೀದಿರೋ ಲೆಕ್ಕ ಬೇಕು. ಏಳನೇ ಕ್ಲಾಸಿಗೆ ನಾನು ಕೊಡೋದು ಇದು: 6 ಅನ್ನ 1+2+3 ಅಂತ ಬರೀಬೋದು, 15 ಅನ್ನ 7+8 ಅಂತ ಬರೀಬೋದು, 4+5+6 ಅಂತಾನೂ ಬರೀಬೋದು. ಹೀಗೆ ಪಕ್ಕಪಕ್ಕದ ಸಂಖ್ಯೆ ಕೂಡಿಸಿ ಬರೆಯೋಕೆ ಆಗದೇ ಇರೋ ಸಂಖ್ಯೆ ಯಾವ್ಯಾವ್ದು?

ಕ್ಲಾಸಿನ ಫಸ್ಟ್ ಹುಡುಗಿ ಸ್ಕೇಲ್ ಇಟ್ಟು ಗೆರೆ ಹಾಕಿ 1ರಿಂದ 40ರ ತನಕ ಒಂದೂ ಬಿಡದೆ ಮಾಡಿ 1, 2, 4, 8, 16, 32 ಅಂತ ಕಂಡುಹಿಡಿದು, ದುಪ್ಪಟ್ಟಾಗ್ತಾ ಹೋಗುತ್ತೆ ಮೇಡಂ, ಮುಂದಿಂದು 64 ಅಂತ ಹೇಳಿ ನೋಟ್‌ಬುಕ್ ಮುಚ್ಚಿದ್ಲು. ಉತ್ತರ ಸರಿ. ಇಷ್ಟು ಅಚ್ಚುಕಟ್ಟಾಗಿ ಮಾಡೋಕೆ ದೊಡ್ಡವರಿಗೂ ಆಗಲ್ಲ, ನನ್ನ ಲೆಕ್ಕದಲ್ಲಿ ಅವಳು ತುಂಬಾ ಚುರುಕು. ಹಿಂದಿನ ಬೆಂಚಲ್ಲಿದ್ದ ಒಬ್ಬ ಹುಡುಗ ಇಪ್ಪತ್ತರ ಹತ್ರಾನೂ ಹೋಗಿರಲಿಲ್ಲ, 4ರ ಹತ್ರಾನೇ ಕೂತಿದ್ದ. ಏನೋ ಅಂತ ಕೇಳಿದ್ರೆ, "ಮೈನಸ್ ಸಂಖ್ಯೆ ತಗೋಬೋದಾ ಮೇಡಂ? ತಗೊಂಡ್ರೆ ಎಲ್ಲಾ ಆಗೋಗುತ್ತೆ, ಆಟಾನೇ ಇರಲ್ಲ" ಅಂದ. ಮೈನಸ್ 3ರಿಂದ ಶುರು ಮಾಡಿ 4ರ ತನಕ ಬರೆದಿದ್ದ, ಮೈನಸ್ 3, ಪ್ಲಸ್ 3 ಹೊಡ್ಕೊಂಡು, 2, 1 ಹೊಡ್ಕೊಂಡು, ಕೊನೇಗೆ 4 ಒಂದೇ ಉಳಿಯುತ್ತೆ. ಪೂರ್ಣಾಂಕ ಪಾಠ ಆಗ ತಾನೇ ಮುಗಿದಿತ್ತು, ಅದನ್ನ ಇಲ್ಲಿಗೆ ತರ್ಬೋದು ಅಂತ ಯಾರೂ ಹೇಳಿರ್ಲಿಲ್ಲ. ಅವನ ಎಫ್‌ಎ (ಸ್ಕೂಲಲ್ಲಿ ವರ್ಷದ ನಡುವೆ ಮಾಡೋ ಸಣ್ಣ ಪರೀಕ್ಷೆ) ಮಾರ್ಕ್ಸ್ ಕೇಳ್ಬೇಡಿ, ಕೈಬರಹ ಅವನಿಗೇ ಓದೋಕೆ ಬರಲ್ಲ.

ಇನ್ನೊಬ್ಬಳು ಮಾತೇ ಆಡದ ಹುಡುಗಿ. ನಮ್ಮೂರ ಸುತ್ತ ಸೋಲಾರ್ ಪಾರ್ಕ್ ಇದೆಯಲ್ಲ, ಕೋನಗಳ ಪಾಠದಲ್ಲಿ ನಾನು ಪ್ಯಾನೆಲ್ ಯಾಕೆ ದಕ್ಷಿಣಕ್ಕೆ ಬಾಗಿಸಿರ್ತಾರೆ ಅಂತ ಕೇಳಿದ್ದೆ, ಬಿಸಿಲು ನೇರ ಬೀಳಲಿ ಅಂತ ನಾಕು ಜನ ಒಟ್ಟಿಗೆ ಕೂಗಿದ್ರು, ಸರೀನೇ. ಮಾರನೇ ದಿನ ಊಟದ ಬೆಲ್ಲಿಗೆ ಮುಂಚೆ ನೋಡ್ತೀನಿ, ಈ ಹುಡುಗಿ ಧ್ವಜದ ಕಂಬದ ನೆರಳಿನ ತುದೀಲಿ ಕಲ್ಲು ಜೋಡಿಸ್ತಿದ್ದಾಳೆ. ಜೂನ್ ತಿಂಗಳು, ನೆರಳು ಬೀಳ್ತಿರೋದು ದಕ್ಷಿಣಕ್ಕೆ, ಅಂದ್ರೆ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿದ್ದಾನೆ. ಪಾವಗಡ 14 ಡಿಗ್ರಿ ಉತ್ತರದಲ್ಲಿದೆ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಇಲ್ಲಿ ಹಾಗೇನೇ. "ಹಂಗಾದ್ರೆ ಈಗ ಪ್ಯಾನೆಲ್ ತಿರುಗಿಸ್ಬೇಕಲ್ವಾ ಮೇಡಂ" ಅಂತ ತೆಲುಗು ಬೆರೆಸಿ ಮೆಲ್ಲಗೆ ಕೇಳಿದ್ಲು. ಅಷ್ಟಕ್ಕೂ ಬಿಡ್ಲಿಲ್ಲ, ಅತಿ ಗಿಡ್ಡ ನೆರಳು 12 ಗಂಟೆಗೆ ಯಾಕೆ ಬರಲಿಲ್ಲ, 12:20 ಆದ್ಮೇಲೆ ಯಾಕೆ ಬಂತು ಅಂತ ಬೇರೆ. ಇಡೀ ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ ಹೊಂದಿಸಿದ್ದು, ನಾವಿರೋದು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ, ಪಶ್ಚಿಮಕ್ಕೆ ಒಂದು ಡಿಗ್ರಿ ಹೋದ್ರೆ ಸೂರ್ಯ 4 ನಿಮಿಷ ತಡ ಅಂತ ಹೇಳಿದ್ಮೇಲೆ ಅವಳೇ ಲೆಕ್ಕ ಹಾಕಿ ನಕ್ಳು. ನಗೋದು ನೋಡಿದ್ದು ಅಪರೂಪ.

ಬುದ್ಧಿಮತ್ತೆ ಅಳೆಯೋ ಐಕ್ಯೂ ಟೆಸ್ಟ್ ಮಾಡಿಸಿ ಅಂತ ಹೇಳೋರೂ ಇದಾರೆ. ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಅಂತಾನೇ ಹೊಂದಿಸಿದ ಬಿನೆ-ಕಾಮತ್ ಟೆಸ್ಟ್ ಇವತ್ತೂ ಬಳಕೇಲಿದೆ, ಕಲಿಕೇಲಿ ತೊಂದರೆ ಇದೆಯಾ ಅಂತ ನೋಡೋಕೆ ಅದು ಬೇಕು. ಆದ್ರೆ ಅಂಕಿ ನೋಡಿ ಇವನು ಹೌದು ಇವನಲ್ಲ ಅಂತ ಗೆರೆ ಎಳೆಯೋದು ನನಗೆ ಸರಿ ಕಾಣಲ್ಲ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟರ್ಮನ್ ಅನ್ನೋರು ಐಕ್ಯೂ ನೋಡಿ ಪ್ರತಿಭಾವಂತ ಮಕ್ಕಳನ್ನ ಆರಿಸೋಕೆ ಶುರು ಮಾಡಿದ್ರು, ಆ ಟೆಸ್ಟಲ್ಲಿ ಆಯ್ಕೆ ಆಗದೇ ಹೋದ ಹುಡುಗರಲ್ಲಿ ಇಬ್ರು, ಶಾಕ್ಲಿ ಮತ್ತೆ ಆಲ್ವರೆಜ್, ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ತಗೊಂಡ್ರು.

ಯಾವ ಮಗು ಹೇಗೆ ಅಂತ ಗೊತ್ತಾದ ಮೇಲೆ ಏನ್ಮಾಡ್ತೀನಿ ಅಂದ್ರೆ, ಚುರುಕು ಮಕ್ಕಳಿಗೆ ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆಗೆ ತಯಾರಿ ಮಾಡಿಸ್ತೀನಿ, ಎರಡು ಪೇಪರ್, ಒಂದೊಂದಕ್ಕೂ 90 ಪ್ರಶ್ನೆ 90 ನಿಮಿಷ, ಪಾಸಾಗಿ ಆಯ್ಕೆಯಾದ್ರೆ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ, ನಮ್ಮ ಮಕ್ಕಳ ಮನೆಗೆ ಅದು ಸಣ್ಣ ದುಡ್ಡಲ್ಲ. ಕಲ್ಲು ಜೋಡಿಸೋ ಹುಡುಗಿ ಮೊದಲ್ನೇ ಪ್ರಶ್ನೇಲೇ ಅರ್ಧ ಗಂಟೆ ಕೂತ್ಬಿಡ್ತಾಳೆ, ಅವಳಿಗೆ ಟೈಮ್ ನೋಡ್ಕೊಳೋದನ್ನ ಬೇರೆ ಹೇಳಿಕೊಡ್ತಿದೀನಿ. ಇನ್ನೊಂದು, ಅಭ್ಯಾಸದ ಇಪ್ಪತ್ತು ಲೆಕ್ಕದಲ್ಲಿ ಕೊನೇ ಐದು ಕಷ್ಟದ್ದನ್ನ ಮೊದಲು ಸರಿಯಾಗಿ ಮಾಡಿದ್ರೆ ಉಳಿದಿದ್ದು ಬಿಡ್ಬೋದು ಅಂತ ಇಡೀ ಕ್ಲಾಸಿಗೇ ರೂಲ್ ಮಾಡಿದೀನಿ. ಹಿಂದಿನ ಬೆಂಚಿನ ಹುಡುಗ ಅವತ್ತಿಂದ ನೋಟ್‌ಬುಕ್ ತಪ್ಪದೇ ತರ್ತಿದಾನೆ. ಫಸ್ಟ್ ಹುಡುಗಿ ಮಾತ್ರ ಇಪ್ಪತ್ತೂ ಮಾಡ್ಕೊಂಡೇ ಬರ್ತಾಳೆ, ಬೇಡ ಕಣಮ್ಮಾ ಅಂದ್ರೂ ಕೇಳಲ್ಲ.